ಮನೆಯ ಹಲ್ಲಿ ಮತ್ತು ಮನುಷ್ಯನ ಕೈ

ಮನುಷ್ಯನೊಡನೆ ಒಂದೇ ಸೂರಿನಡಿ ಬಾಳುವ ಪ್ರಾಣಿಗಳು ಎರಡು ಬಗೆಯವು. ಹಸು, ಎತ್ತು, ನಾಯಿಗಳಂತೆ ನಾವೇ ತಂದು ಸಾಕಿದವು ಒಂದು ಬಗೆ. ನಾವು ಕರೆಯದಿದ್ದರೂ ತಾವಾಗಿಯೇ ಬಂದು, ತಮ್ಮ ಪಾಡಿಗೆ ತಾವು ನೆಲೆಸಿದವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಪ್ರಾಣಿಗಳಲ್ಲಿ ಹಲ್ಲಿಯು ನಮಗೆ ಅತ್ಯಂತ ಪರಿಚಿತವಾದುದು. ಅರಮನೆಯಿರಲಿ, ಗುಡಿಸಲಿರಲಿ, ಹಲ್ಲಿಯಿಲ್ಲದ ಮನೆಯನ್ನು ನಮ್ಮ ನಾಡಿನಲ್ಲಿ ಕಾಣುವುದು ಕಷ್ಟ. ಆದರೂ ಇಷ್ಟು ಹತ್ತಿರದ ಈ ನೆರೆಯ ಜೀವಿಯ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಅತ್ಯಲ್ಪ. ಕೆಲವರಿಗೆ ಅದರ ಭಯ, ಕೆಲವರಿಗೆ ಹೇಸಿಗೆ. ಮಕ್ಕಳಿಗೆ ಅದೊಂದು ಆಟದ ವಸ್ತು. ಈ ಮೂರರ ಪರಿಣಾಮವೂ ಹಲ್ಲಿಯ ಪಾಲಿಗೆ ಒಂದೇ ಆಗಿರುತ್ತದೆ.

ಬಳ್ಳಾರಿ ತಾಲ್ಲೂಕಿನ ಮೋಕ, ಹಗರಿ ಎಂದು ಜನ ಕರೆಯುವ ವೇದಾವತಿ ನದಿಯ ಸಮೀಪದ ಊರು. ಬೇಸಗೆಯಲ್ಲಿ ಈ ಸೀಮೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ಗೂ ಮೀರುತ್ತದೆ. ಹಗಲಿನಲ್ಲಿ ಎರೆಯ ಹೊಲಗಳು ಕಾದು ಬಿರುಕು ಬಿಡುವಾಗ, ಕಲ್ಲುಗೋಡೆಯ ಸಂದಿನಲ್ಲಿ, ಜಂತೆಯ ಮರೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಹಲ್ಲಿಗಳು ಅಲುಗಾಡದೆ ಅಡಗಿರುತ್ತವೆ. ಸಂಜೆ ದೀಪ ಹೊತ್ತಿದೊಡನೆ ಒಂದೊಂದಾಗಿ ಹೊರಬರುತ್ತವೆ. ಮೊದಲ ಮಳೆ ಬಿದ್ದ ರಾತ್ರಿಯಂತೂ, ರೆಕ್ಕೆ ಬಂದ ಗೆದ್ದಲುಗಳು ದೀಪದ ಸುತ್ತ ಮುತ್ತಿದಾಗ, ಅವುಗಳಿಗೆ ಹಬ್ಬವೇ ಸರಿ. ಸೊಳ್ಳೆ, ಪತಂಗ, ಜಿರಲೆ, ಗೆದ್ದಲು ಇವು ಹಲ್ಲಿಯ ಆಹಾರ. ನಾವು ನಿದ್ರಿಸುವಾಗ ಕೂಲಿಯಿಲ್ಲದೆ ದುಡಿಯುವ ಕಾವಲುಗಾರನೆಂದು ಅದನ್ನು ಕರೆದರೆ ತಪ್ಪಾಗಲಾರದು.

ಕನ್ನಡದ ಜನ ಈ ವರ್ಗದ ಪ್ರಾಣಿಗಳಿಗೆ ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದಾರೆ. ಬೇಲಿಯ ಮೇಲೆ ತಲೆಯಾಡಿಸುತ್ತ ಕೂಡುವುದು ಓತಿ, ನುಣುಪಾದ ಮೈಯುಳ್ಳದ್ದು ಹಾವುರಾಣಿ, ದೊಡ್ಡ ಗಾತ್ರದ್ದು ಉಡ, ಗೋಡೆಯನ್ನೇರುವುದು ಹಲ್ಲಿ. ವಿಜ್ಞಾನಿಗಳೂ ಇವನ್ನು ಬೇರೆ ಬೇರೆ ಕುಲಗಳೆಂದೇ ಗಣಿಸುತ್ತಾರೆ. ಜಗತ್ತಿನಲ್ಲಿ ಹಲ್ಲಿಗಳ ಪ್ರಭೇದಗಳೇ ಒಂದೂವರೆ ಸಾವಿರಕ್ಕೂ ಹೆಚ್ಚು. ಅವೆಲ್ಲವೂ ಮನೆಯಲ್ಲಿರುವುದಿಲ್ಲ, ಬಂಡೆಗಳ ಸಂದಿನಲ್ಲಿ, ಮರದ ತೊಗಟೆಯಲ್ಲಿ, ಹುತ್ತದ ಬಿರುಕಿನಲ್ಲಿ ಬಾಳುವವೂ ಉಂಟು. ನಮ್ಮ ರಾಜ್ಯದ ಬಾಗಲಕೋಟೆಯ ಸೀಮೆಯಲ್ಲಿ ದೊರೆತ ಒಂದು ಹಲ್ಲಿಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿ ಹೆಸರಿಟ್ಟದ್ದು 2018ರಲ್ಲಿ. ನಾವು ದಿನವೂ ಕಾಣುವ ಈ ಕುಲದಲ್ಲಿಯೂ ಅರಿಯಬೇಕಾದುದು ಇನ್ನೂ ಎಷ್ಟೋ ಉಳಿದಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಹಲ್ಲಿಯ ಸುತ್ತ ನಂಬಿಕೆಗಳು ದಟ್ಟವಾಗಿ ಹೆಣೆದುಕೊಂಡಿವೆ. ಮಾತಿನ ನಡುವೆ ಅದು ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುವುದೆಂದು ಹಿರಿಯರು ನೆಲವನ್ನು ತಟ್ಟುತ್ತಾರೆ. ಮೈಯ ಯಾವ ಭಾಗದ ಮೇಲೆ ಬಿದ್ದರೆ ಏನು ಫಲವೆಂಬ ಪಟ್ಟಿಯನ್ನು ಪಂಚಾಂಗಗಳು ಅಚ್ಚು ಮಾಡುತ್ತವೆ. ಕಂಚಿಯ ವರದರಾಜಸ್ವಾಮಿ ದೇವಾಲಯದಲ್ಲಿ ಚಿನ್ನದ ಮತ್ತು ಬೆಳ್ಳಿಯ ಹಲ್ಲಿಗಳ ಆಕೃತಿಗಳನ್ನು ಭಕ್ತರು ಮುಟ್ಟಿ ಬರುತ್ತಾರೆ. ಇದರ ಜೊತೆಗೆ, ಹಲ್ಲಿ ವಿಷಜಂತು ಎಂಬ ಭಯವೂ ಮನೆಮನೆಯಲ್ಲಿದೆ. ಆದರೆ ಈ ಭಯಕ್ಕೆ ಆಧಾರವಿಲ್ಲ. ಹಲ್ಲಿಗೆ ವಿಷದ ಹಲ್ಲಾಗಲಿ, ವಿಷದ ಗ್ರಂಥಿಯಾಗಲಿ ಇಲ್ಲ. ಅದರ ಕರುಳಿನಲ್ಲಿ ಮತ್ತು ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆದಕಾರಣ ಹಲ್ಲಿ ಬಿದ್ದ ಆಹಾರವನ್ನು ಉಣ್ಣಬಾರದು, ಹಲ್ಲಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಇದು ಶುಚಿತ್ವದ ಮಾತೇ ಹೊರತು ವಿಷದ ಮಾತಲ್ಲ. ವಿಷವೆಂಬ ಭಯದಿಂದ ಪೊರಕೆ ಹಿಡಿದು ಅದನ್ನು ಬಡಿಯುವುದಕ್ಕೆ ಯಾವ ಕಾರಣವೂ ಇಲ್ಲ.

ಹಲ್ಲಿಯನ್ನು ನೋಯಿಸದೆ, ಹೆದರಿಸದೆ ಮುಟ್ಟುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಅದರ ಶರೀರದ ರಚನೆಯನ್ನು ತಿಳಿಯಬೇಕು.

ಮೊದಲನೆಯದಾಗಿ ಅದರ ಪಾದ. ನುಣುಪಾದ ಗಾಜಿನ ಮೇಲೆಯೂ ಮಾಡಿನ ಕೆಳಮೈಯಲ್ಲಿಯೂ ಹಲ್ಲಿ ಲೀಲಾಜಾಲವಾಗಿ ಓಡಾಡುವುದನ್ನು ಕಂಡು ಜನ ಪ್ರಾಚೀನಕಾಲದಿಂದಲೂ ಬೆರಗಾಗಿದ್ದಾರೆ. ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು, ಮರಕುಟಿಗ ಹಕ್ಕಿ ತಲೆಕೆಳಗಾಗಿ ಓಡುವುದನ್ನು ವರ್ಣಿಸುವಾಗ ಹಲ್ಲಿಯನ್ನೇ ಹೋಲಿಕೆಯಾಗಿ ಹೇಳಿದ್ದಾನೆ. ಪಾದದಲ್ಲಿ ಅಂಟು ಇದೆಯೆಂದು ಕೆಲವರು, ಗಾಳಿಯನ್ನು ಹೀರಿ ಹಿಡಿಯುವ ಬಟ್ಟಲುಗಳಿವೆಯೆಂದು ಕೆಲವರು ಊಹಿಸಿದ್ದರು. ಎರಡೂ ನಿಜವಲ್ಲ. ಹಲ್ಲಿಯ ಬೆರಳಿನ ಅಡಿಯಲ್ಲಿ ಪದರಪದರವಾದ ಪಟ್ಟಿಗಳಿವೆ. ಆ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಇಂತಹ ಸುಮಾರು ಐದು ಲಕ್ಷ ರೋಮಗಳಿರುತ್ತವೆ. ಪ್ರತಿಯೊಂದು ರೋಮದ ತುದಿಯೂ ನೂರಾರು ಕವಲುಗಳಾಗಿ ಒಡೆದಿರುತ್ತದೆ. ಈ ಕವಲುಗಳು ಗೋಡೆಗೆ ಎಷ್ಟು ಹತ್ತಿರವಾಗಿ ತಗಲುತ್ತವೆಯೆಂದರೆ, ಅಣುಗಳ ನಡುವಣ ಸೂಕ್ಷ್ಮ ಆಕರ್ಷಣೆಯೇ ಹಲ್ಲಿಯ ಭಾರವನ್ನು ಹೊರುವುದಕ್ಕೆ ಸಾಕಾಗುತ್ತದೆ. ವಾನ್ ಡರ್ ವಾಲ್ಸ್ ಆಕರ್ಷಣೆ ಎಂದು ಹೆಸರಾದ ಈ ಬಲವೇ ಇದಕ್ಕೆ ಕಾರಣವೆಂಬುದನ್ನು ಅಮೆರಿಕದ ಕೆಲ್ಲರ್ ಆಟಮ್ ಮತ್ತು ಅವರ ಸಂಗಡಿಗರು 2000 ಮತ್ತು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಈ ಹಿಡಿತಕ್ಕೆ ಒಂದು ದಿಕ್ಕಿದೆ. ದೇಹದ ಕಡೆಗೆ, ಎಂದರೆ ಹಿಂದಕ್ಕೆ ಎಳೆದಷ್ಟೂ ಅದು ಬಿಗಿಯಾಗುತ್ತದೆ. ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಬಿಡಿಸಿದಂತೆ ಎತ್ತಿದರೆ ಕೂಡಲೇ ಬಿಡುತ್ತದೆ. ಹಲ್ಲಿ ನಡೆಯುವಾಗ ಪ್ರತಿಹೆಜ್ಜೆಗೂ ಮಾಡುವುದು ಇದನ್ನೇ. ಗೋಡೆಯ ಮೇಲಿರುವ ಹಲ್ಲಿಯನ್ನು ಹಿಂದಿನಿಂದ ಹಿಡಿದು ಎಳೆಯುವವನು ಅದರ ಹಿಡಿತವನ್ನು ಬಿಡಿಸುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತಾನೆ. ಅದರ ಕೋಮಲವಾದ ಬೆರಳುಗಳಿಗೆ ಗಾಯವಾಗುವ ಸಂಭವವೇ ಹೆಚ್ಚು. ಮುಂದಕ್ಕೆ ಮೆಲ್ಲನೆ ನಡೆಯುವಂತೆ ಮಾಡಿದರೆ ಅದು ತಾನಾಗಿಯೇ ಪಾದವನ್ನು ಕಿತ್ತಿಡುತ್ತದೆ. ಇನ್ನೊಂದು ಸಂಗತಿ: ನುಣುಪಾದ ಮೇಲ್ಮೈ ಒದ್ದೆಯಾದರೆ ಈ ಹಿಡಿತ ಕುಗ್ಗುತ್ತದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತೆಂದು ಗಾದೆ ನಗೆಯಾಡುತ್ತದೆ. ಹಲ್ಲಿ ಬಚ್ಚಲಿನಲ್ಲಿ ಜಾರಿದ್ದು ಅವಿವೇಕದಿಂದಲ್ಲ, ನೀರಿನಿಂದ ಎಂಬುದನ್ನು ವಿಜ್ಞಾನ ಹೇಳುತ್ತದೆ.

ಎರಡನೆಯದಾಗಿ ಅದರ ಕಣ್ಣು ಮತ್ತು ಚರ್ಮ. ಮನೆಯ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಪಾರದರ್ಶಕವಾದ ಒಂದು ಪೊರೆ ಕಣ್ಣನ್ನು ಕಾಯುತ್ತದೆ. ಅದರ ಮೇಲೆ ಧೂಳು ಕೂತರೆ ಹಲ್ಲಿ ನಾಲಗೆಯಿಂದ ಒರೆಸಿಕೊಳ್ಳುತ್ತದೆ. ಕತ್ತಲೆಗೆ ಹೊಂದಿಕೊಂಡ ಈ ಕಣ್ಣಿಗೆ ಹತ್ತಿರದಿಂದ ಬ್ಯಾಟರಿಯ ಪ್ರಖರವಾದ ಬೆಳಕನ್ನು ಬಿಡುವುದು ಹಿಂಸೆಯೇ ಆಗುತ್ತದೆ. ಚರ್ಮವೂ ಬಹಳ ತೆಳುವಾದುದು. ಮಡಗಾಸ್ಕರ್ ದ್ವೀಪದ ಕೆಲವು ಹಲ್ಲಿಗಳು ಯಾರಾದರೂ ಹಿಡಿದೊಡನೆ ಮೈಮೇಲಿನ ಹುರುಪೆಗಳನ್ನೇ ಕಳಚಿಕೊಟ್ಟು ಪಾರಾಗುತ್ತವೆ. ನಮ್ಮ ಮನೆಯ ಹಲ್ಲಿ ಅಷ್ಟು ದೂರ ಹೋಗದಿದ್ದರೂ, ಬಿಗಿಯಾಗಿ ಒತ್ತಿದ ಬೆರಳು ಅದಕ್ಕೆ ಗಾಯ ಮಾಡಬಲ್ಲುದು.

ಮೂರನೆಯದಾಗಿ ಅದರ ಬಾಲ. ಹಲ್ಲಿಯ ಬಾಲ ತುಂಡಾಗುವುದನ್ನೂ, ತುಂಡಾದ ಬಾಲ ನೆಲದ ಮೇಲೆ ಕೆಲವು ನಿಮಿಷ ಹೊರಳಾಡುವುದನ್ನೂ ನೋಡದವರು ವಿರಳ. ಮಕ್ಕಳು ಅದನ್ನು ಕಂಡು ನಗುತ್ತಾರೆ. ಬಾಲದ ಬೆನ್ನೆಲುಬಿನ ಮಣಿಗಳಲ್ಲಿ ಮುರಿಯುವುದಕ್ಕೆಂದೇ ದುರ್ಬಲವಾದ ಗೆರೆಗಳಿವೆ. ಶತ್ರು ಹಿಡಿದಾಗ ಹಲ್ಲಿ ಅಲ್ಲಿಯ ಸ್ನಾಯುಗಳನ್ನು ಬಿಗಿದು ಬಾಲವನ್ನು ತಾನೇ ಕಳಚುತ್ತದೆ. ರಕ್ತನಾಳಗಳು ಕೂಡಲೇ ಮುಚ್ಚಿಕೊಳ್ಳುವುದರಿಂದ ರಕ್ತ ಹೆಚ್ಚು ಸೋರುವುದಿಲ್ಲ. ಹೊರಳುವ ಬಾಲದ ಕಡೆಗೆ ಬೆಕ್ಕು ನೋಡುತ್ತಿರುವಾಗ ಹಲ್ಲಿ ಗೋಡೆಯ ಸಂದನ್ನು ಸೇರಿರುತ್ತದೆ. ಕಾಲಕ್ರಮದಲ್ಲಿ ಬಾಲ ಮತ್ತೆ ಬೆಳೆಯುತ್ತದೆಂಬುದೂ ನಿಜ. ಆದುದರಿಂದ ಇದು ನಷ್ಟವಿಲ್ಲದ ಆಟವೆಂದು ನಾವು ಭಾವಿಸುತ್ತೇವೆ.

ವಾಸ್ತವವಾಗಿ ಈ ಆಟದ ಬೆಲೆ ಬಹಳ ದೊಡ್ಡದು. ಬಾಲವೆಂಬುದು ಹಲ್ಲಿಯ ಕಣಜ. ಹುಳುಗಳು ಹೇರಳವಾಗಿ ಸಿಗುವ ದಿನಗಳಲ್ಲಿ ತಿಂದು ಉಳಿದುದನ್ನು ಅದು ಕೊಬ್ಬಿನ ರೂಪದಲ್ಲಿ ಬಾಲದಲ್ಲಿ ಕೂಡಿಡುತ್ತದೆ. ಆಹಾರ ಸಿಗದ ಕಾಲದಲ್ಲಿ ಅದನ್ನು ಜೀವ ಹಿಡಿಯುವುದು ಈ ಉಳಿತಾಯವೇ. ಬಳ್ಳಾರಿಯಂತಹ ಮಳೆ ಕಡಿಮೆಯಿರುವ ಸೀಮೆಯ ರೈತನಿಗೆ ಕಣಜ ಬರಿದಾಗುವುದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಲವಿಲ್ಲದ ಹಲ್ಲಿ ಮರಳಿ ಬಾಲ ಬೆಳೆಸುವುದಕ್ಕಾಗಿ ತನ್ನ ಬೆಳವಣಿಗೆಗೂ ಮೊಟ್ಟೆಗಳಿಗೂ ಸಲ್ಲಬೇಕಾದ ಸತ್ತ್ವವನ್ನು ವ್ಯಯ ಮಾಡಬೇಕು. ಹೊಸ ಬಾಲದಲ್ಲಿ ಎಲುಬಿನ ಮಣಿಗಳಿರುವುದಿಲ್ಲ, ಮೆದುವಾದ ಮೃದ್ವಸ್ಥಿಯ ಒಂದು ಕಡ್ಡಿ ಮಾತ್ರ ಇರುತ್ತದೆ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಜುಟ್ಟುಹಲ್ಲಿಯ ಬಾಲವಂತೂ ಒಮ್ಮೆ ಹೋದರೆ ಮತ್ತೆ ಬೆಳೆಯುವುದೇ ಇಲ್ಲ. ನಮ್ಮ ಒಂದು ಕ್ಷಣದ ವಿನೋದಕ್ಕೆ ಆ ಸಣ್ಣ ಜೀವ ತೆರುವುದು ಒಂದು ಸುಗ್ಗಿಯ ಗಳಿಕೆಯನ್ನು.

ಕೊನೆಯದಾಗಿ ಅದರ ಮೈಯ ಶಾಖ. ಹಲ್ಲಿ ನಮ್ಮಂತೆ ಮೈಯೊಳಗೆ ಶಾಖವನ್ನು ಹುಟ್ಟಿಸಿ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳಲಾರದು. ಸುತ್ತಲಿನ ಗೋಡೆ, ಕಲ್ಲು, ಗಾಳಿಗಳಿಂದ ಅದು ಶಾಖವನ್ನು ಪಡೆಯುತ್ತದೆ. ಮುಚ್ಚಿದ ಮುಷ್ಟಿಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಅದಕ್ಕೆ ಸೆಕೆಯ ಬಾಧೆ. ಬಿಸಿಲಿನಲ್ಲಿಟ್ಟ ಗಾಜಿನ ಸೀಸೆಯಲ್ಲಿ ಅದನ್ನು ಮುಚ್ಚಿಟ್ಟರಂತೂ ಸ್ವಲ್ಪ ಹೊತ್ತಿನಲ್ಲಿಯೇ ಸಾವು. ಚಳಿಗಾಲದ ಬೆಳಗಿನಲ್ಲಿ ಅದು ಜಡವಾಗಿರುವುದು ನಮ್ಮೊಡನೆ ಸಲಿಗೆಯಿಂದಲ್ಲ, ಓಡುವುದಕ್ಕೆ ಬೇಕಾದ ಶಾಖವಿಲ್ಲದೆ.

ಇಷ್ಟು ತಿಳಿದ ಮೇಲೆ ಹಲ್ಲಿಯ ಭಯ ಎಂತಹದೆಂಬುದನ್ನು ಊಹಿಸಬಹುದು. ಹಲ್ಲಿಯ ಪಾಲಿಗೆ ಮೇಲಿನಿಂದ ಎರಗಿ ಬರುವುದೆಲ್ಲವೂ ಹಕ್ಕಿ ಅಥವಾ ಬೆಕ್ಕು. ನಾವು ಪ್ರೀತಿಯಿಂದ ಚಾಚಿದ ಕೈಗೂ ಹದ್ದಿನ ಉಗುರಿಗೂ ಇರುವ ಭೇದವನ್ನು ಅದು ಅರಿಯದು. ಭಯಗೊಂಡ ಹಲ್ಲಿಯ ಉಸಿರಾಟ ವೇಗವಾಗುತ್ತದೆ; ಬಾಲ ಮೆಲ್ಲನೆ ಅತ್ತಿತ್ತ ಆಡುತ್ತದೆ; ಮೈ ಉಬ್ಬುತ್ತದೆ; ಕೆಲವು ಬಾಯ್ದೆರೆದು ಕಿರುಚುತ್ತವೆ, ಕೆಲವು ಹಿಕ್ಕೆ ಹಾಕುತ್ತವೆ. ಅನೇಕ ವೇಳೆ ಅದು ಕಲ್ಲಿನಂತೆ ನಿಶ್ಚಲವಾಗಿಬಿಡುತ್ತದೆ. ಇದನ್ನು ಕಂಡು ಹಲ್ಲಿ ಶಾಂತವಾಗಿದೆಯೆಂದು ನಾವು ಮೋಸಹೋಗುತ್ತೇವೆ. ಇಂತಹ ಭಯ ಮತ್ತೆ ಮತ್ತೆ ಉಂಟಾದರೆ ಪ್ರಾಣಿ ಆಹಾರವನ್ನು ಬಿಡುತ್ತದೆ, ಕೃಶವಾಗುತ್ತದೆ, ರೋಗಕ್ಕೆ ತುತ್ತಾಗುತ್ತದೆ. ಗಾಯ ಕಾಣದಿದ್ದ ಮಾತ್ರಕ್ಕೆ ಹಿಂಸೆಯಾಗಲಿಲ್ಲವೆಂದು ತಿಳಿಯಬಾರದು.

ಹಾಗಾದರೆ ಹಲ್ಲಿಯನ್ನು ಮುಟ್ಟಬೇಕಾದ ಸಂದರ್ಭಗಳು ಯಾವುವು? ಸಾಮಾನ್ಯವಾಗಿ ಅಂತಹ ಸಂದರ್ಭವೇ ಇಲ್ಲವೆನ್ನಬಹುದು. ಅಡುಗೆಮನೆಯಲ್ಲಿ ಹಲ್ಲಿ ಇರಬಾರದೆಂದಿದ್ದರೆ ಪಾತ್ರೆಗಳಿಗೆ ಮುಚ್ಚಳವಿಟ್ಟು, ಒಳಗಿನ ದೀಪವನ್ನಾರಿಸಿ, ಹೊರಗಿನ ದೀಪವನ್ನು ಹೊತ್ತಿಸಿ, ಕಿಟಕಿಯನ್ನು ತೆರೆದಿಡುವುದು ಲೇಸು. ಹುಳುಗಳು ಬೆಳಕನ್ನು ಅರಸಿ ಹೊರಗೆ ಹೋಗುತ್ತವೆ. ಹುಳುಗಳನ್ನು ಅರಸಿ ಹಲ್ಲಿಯೂ ಹೋಗುತ್ತದೆ. ನೀರಿನ ಬಕೇಟಿಗೋ ತೊಟ್ಟಿಗೋ ಬಿದ್ದ ಹಲ್ಲಿಯನ್ನು ಕೈಯಿಂದ ಹಿಡಿಯಹೋಗದೆ, ಒರಟಾದ ಒಂದು ಕೋಲನ್ನೋ ಗೋಣಿಯ ತುಂಡನ್ನೋ ಇಳಿಬಿಟ್ಟರೆ ಅದು ತಾನೇ ಹತ್ತಿ ಬರುತ್ತದೆ.

ಒಳಗಿನ ಹಲ್ಲಿಯನ್ನು ಹೊರಗೆ ಬಿಡಲೇಬೇಕಾದಾಗ ಅನುಸರಿಸಬೇಕಾದ ಕ್ರಮ ಸರಳವಾದುದು. ಅಗಲ ಬಾಯಿಯ ಒಂದು ಡಬ್ಬಿಯನ್ನೂ ಗಟ್ಟಿಯಾದ ಒಂದು ರಟ್ಟನ್ನೂ ತೆಗೆದುಕೊಳ್ಳಬೇಕು. ಹಲ್ಲಿ ಗೋಡೆಯ ಮೇಲೆ ನಿಂತಾಗ ಅವಸರಪಡದೆ ಡಬ್ಬಿಯನ್ನು ಅದರ ಮೇಲೆ ಕವುಚಬೇಕು. ಬಾಲ ಅಂಚಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ಬಳಿಕ ಡಬ್ಬಿಗೂ ಗೋಡೆಗೂ ನಡುವೆ ರಟ್ಟನ್ನು ಸ್ವಲ್ಪ ಸ್ವಲ್ಪವಾಗಿ ತೂರಿಸಬೇಕು. ಪಾದದಡಿಗೆ ರಟ್ಟು ಬಂದಂತೆ ಹಲ್ಲಿ ಅದರ ಮೇಲೆ ಹೆಜ್ಜೆಯಿಡುತ್ತದೆ. ಹೊರಗೊಯ್ದು, ಸಂಜೆಯ ಹೊತ್ತಾದರೆ ಗೋಡೆಯ ಬುಡದಲ್ಲಿ, ಹಗಲಾದರೆ ನೆರಳಿನ ಸಂದಿನಲ್ಲಿ ಬಿಡಬೇಕು. ಇಲಿಗಳಿಗೆಂದು ಇಟ್ಟ ಅಂಟುಹಲಗೆಗೆ ಹಲ್ಲಿ ಸಿಕ್ಕಿಕೊಂಡಾಗ ಎಳೆದು ಬಿಡಿಸಬಾರದು. ಅಡುಗೆಯ ಎಣ್ಣೆಯನ್ನು ಹತ್ತಿಯಿಂದ ಅಂಟಿನ ಮೇಲೆ ಸವರಿ, ಅಂಟು ಸಡಿಲವಾದ ಹಾಗೆ ಒಂದೊಂದೇ ಪಾದವನ್ನು ಬಿಡಿಸಬೇಕು. ಗೂಡಿನ ಮೂಲೆಯಲ್ಲಿ ಅಥವಾ ಪಟದ ಹಿಂದೆ ಗಟ್ಟಿ ಚಿಪ್ಪಿನ ಎರಡು ಬಿಳಿಯ ಮೊಟ್ಟೆಗಳು ಕಂಡರೆ ಅವನ್ನು ತಿರುಗಿಸದೆ ಅಲ್ಲಿಯೇ ಬಿಡುವುದು ಒಳ್ಳೆಯದು. ಕೋಳಿಯಂತೆ ಮೊಟ್ಟೆಯನ್ನು ಹೊರಳಿಸುವ ಪದ್ಧತಿ ಹಲ್ಲಿಗಿಲ್ಲ; ಮಗುಚಿದ ಮೊಟ್ಟೆಯೊಳಗಿನ ಮರಿ ಸಾಯಬಹುದು.

ಕೈಯಿಂದಲೇ ಎತ್ತಬೇಕಾದ ಸಂದರ್ಭ ಬಂದರೆ ಒಂದು ಸೂತ್ರವನ್ನು ನೆನಪಿಡಬೇಕು: ಕೈ ಹಿಡಿತವಾಗಬಾರದು, ನೆಲವಾಗಬೇಕು. ಮೇಲಿನಿಂದ ಎರಗದೆ, ಪಕ್ಕದಿಂದ, ನೆಲಕ್ಕೆ ಸಮನಾಗಿ ಕೈಯನ್ನು ತಂದು ಅಂಗೈಯನ್ನು ಹರಡಬೇಕು. ಇನ್ನೊಂದು ಕೈಯನ್ನು ಹಿಂದೆ ಮರೆಯಾಗಿಟ್ಟರೆ ಹಲ್ಲಿ ತಾನಾಗಿ ಅಂಗೈಯನ್ನೇರುತ್ತದೆ. ಅದು ಓಡಹೊರಟರೆ ಬೆರಳುಗಳನ್ನು ಮುಚ್ಚದೆ, ಮತ್ತೊಂದು ಅಂಗೈಯನ್ನು ಮುಂದೆ ಒಡ್ಡಬೇಕು. ಎತ್ತರದಿಂದ ಬೀಳದಂತೆ ನೆಲದ ಬಳಿ ಕುಳಿತಿರಬೇಕು. ಬಾಲವನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಉಡದ ಪಟ್ಟು ಎಂಬ ಮಾತು ನಮ್ಮಲ್ಲಿ ಹಿಡಿದದ್ದನ್ನು ಬಿಡದ ಹಟವನ್ನು ಸೂಚಿಸುತ್ತದೆ. ಹಲ್ಲಿಯನ್ನು ಎತ್ತುವವನಿಗೆ ಬೇಕಾದುದು ಅದಕ್ಕೆ ತೀರ ವಿರುದ್ಧವಾದ ಗುಣ.

ಲೋಕದ ಹಲವು ದೇಶಗಳಲ್ಲಿ ಹಲ್ಲಿಗಳನ್ನು ಮನೆಯಲ್ಲಿ ಸಾಕುವವರೂ ಇದ್ದಾರೆ. ಅವರು ಹೆಚ್ಚಾಗಿ ಸಾಕುವುದು ಚಿರತೆಯಂತೆ ಚುಕ್ಕೆಗಳುಳ್ಳ ಒಂದು ಹಲ್ಲಿಯನ್ನು. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗ ಇದರ ತವರು. ಇದಕ್ಕೆ ಮುಚ್ಚಿ ತೆರೆಯುವ ರೆಪ್ಪೆಗಳಿವೆ, ಗೋಡೆಯನ್ನೇರುವ ಪಾದಗಳಿಲ್ಲ. ಅನೇಕ ತಲೆಮಾರುಗಳಿಂದ ಮನುಷ್ಯರ ಆರೈಕೆಯಲ್ಲಿಯೇ ಹುಟ್ಟಿ ಬೆಳೆದ ಈ ಹಲ್ಲಿಗಳನ್ನು ಬಲ್ಲವರು ಪಳಗಿಸುವ ರೀತಿ ಗಮನಾರ್ಹವಾಗಿದೆ. ಹೊಸದಾಗಿ ತಂದ ಹಲ್ಲಿಯನ್ನು ಮೊದಲ ಒಂದೆರಡು ವಾರ ಅವರು ಮುಟ್ಟುವುದೇ ಇಲ್ಲ. ಅಡಗುವುದಕ್ಕೆ ಮರೆಯನ್ನೂ, ಬೆಚ್ಚಗಿನ ಹಾಗೂ ತಂಪಾದ ಎರಡು ತಾಣಗಳನ್ನೂ ಒದಗಿಸುತ್ತಾರೆ. ಅನಂತರ ದಿನವೂ ಸ್ವಲ್ಪ ಹೊತ್ತು ಗೂಡಿನೊಳಗೆ ಕೈಯನ್ನು ಸುಮ್ಮನೆ ಇಟ್ಟಿರುತ್ತಾರೆ. ಹಲ್ಲಿ ಬಂದು ನಾಲಗೆಯಿಂದ ಅದನ್ನು ಪರೀಕ್ಷಿಸುತ್ತದೆ. ಒಂದು ದಿನ ಅದರ ಮೇಲೆ ಏರುತ್ತದೆ. ಆಗಲೂ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅದನ್ನು ಹೊರಗಿಡುವುದಿಲ್ಲ. ತಿಂದ ಕೂಡಲೇ ಮತ್ತು ಪೊರೆ ಬಿಡುವ ದಿನಗಳಲ್ಲಿ ಅದನ್ನು ಎತ್ತುವುದಿಲ್ಲ. ಹಲ್ಲಿ ನಾಯಿಯಂತೆ ಒಡೆಯನನ್ನು ಪ್ರೀತಿಸುವುದೆಂದು ಅವರು ನಿರೀಕ್ಷಿಸುವುದಿಲ್ಲ. ಭಯಪಡದಿರುವುದೇ ಅದು ಕೊಡಬಲ್ಲ ವಿಶ್ವಾಸ. ಅಷ್ಟನ್ನು ಗಳಿಸುವುದಕ್ಕೂ ವಾರಗಳ ತಾಳ್ಮೆ ಬೇಕು.

ಇದನ್ನು ಓದಿ ಹೊಲದ ಬಂಡೆಯ ಕೆಳಗಿನ ಹಲ್ಲಿಯನ್ನು ಮನೆಗೆ ತರಬಹುದೆಂದು ಯಾರೂ ಭಾವಿಸಬಾರದು. ಸಾಕಣೆಯಲ್ಲಿ ಹುಟ್ಟಿದ ಪ್ರಾಣಿ ಬೇರೆ, ಕಾಡಿನಲ್ಲಿ ಸ್ವತಂತ್ರವಾಗಿ ಬೆಳೆದ ಪ್ರಾಣಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಲ್ಲಿ ಸೇರಿದ ಪ್ರಾಣಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮನುಷ್ಯನ ಕೈ ದುರಾಸೆಯಿಂದ ಚಾಚಿದಾಗ ಏನಾಗುವುದೆಂಬುದಕ್ಕೆ ಈಶಾನ್ಯ ಭಾರತದಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ಇರುವ ಟೋಕೆ ಹಲ್ಲಿಯೇ ಸಾಕ್ಷಿ. ಅದರ ಮಾಂಸ ಏಡ್ಸ್ ರೋಗವನ್ನು ಗುಣಪಡಿಸುತ್ತದೆಂಬ ಸುಳ್ಳುಸುದ್ದಿ ಹಬ್ಬಿ, ಅದನ್ನು ವಿಪರೀತವಾಗಿ ಹಿಡಿದು ಮಾರಲಾಯಿತು. ಕೊನೆಗೆ 2019ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅದನ್ನು ಸೇರಿಸಬೇಕಾಯಿತು.

ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ವಿಷಯದಲ್ಲಿ ದಯೆಯನ್ನು ತೋರುವುದೂ ಒಂದು. ದಯೆ ಎಂದೊಡನೆ ಹಸುವಿಗೆ ಹುಲ್ಲು ಹಾಕುವುದು, ಹಕ್ಕಿಗೆ ಕಾಳು ಚೆಲ್ಲುವುದು ನಮಗೆ ನೆನಪಾಗುತ್ತದೆ. ಏನನ್ನಾದರೂ ಕೊಡುವುದೇ ದಯೆಯೆಂದು ನಾವು ತಿಳಿದಿದ್ದೇವೆ. ಹಲ್ಲಿಗೆ ನಾವು ಕೊಡಬೇಕಾದುದು ಏನೂ ಇಲ್ಲ. ಅದರ ಆಹಾರವನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತದೆ. ಅದು ನಮ್ಮಿಂದ ಬಯಸುವುದು ತನ್ನನ್ನು ಹಿಡಿಯದ ಕೈಯನ್ನು. ಶಕ್ತಿಯುಳ್ಳವನು ತನ್ನ ಶಕ್ತಿಯನ್ನು ತಡೆದುಕೊಳ್ಳುವುದೂ ದಯೆಯ ಒಂದು ರೂಪ. ಗೋಡೆಯ ಮೇಲಿನ ಆ ಪುಟ್ಟ ಜೀವಿ ಪ್ರತಿಸಂಜೆಯೂ ನಮಗೆ ಅದನ್ನು ಅಭ್ಯಾಸ ಮಾಡುವ ಅವಕಾಶವನ್ನು ಒದಗಿಸುತ್ತದೆ.